ಹಪ್ಪಳದ ಚಾಪೆಯಲ್ಲಿ ಎರಡು ಕಟ್ಟು ಎಲೆ

ಇಸ್ಪೀಟು ಎಂದ ಕೂಡಲೇ ಎಲ್ಲರಿಗೂ ಗಂಡಸರೇ ನೆನಪಾಗುತ್ತಾರಲ್ಲ, ಇದು ಸ್ತ್ರೀಕುಲಕ್ಕೆ ಆಗಿರುವ ಘೋರ ಅನ್ಯಾಯ. ಹೆಂಗಸರು ಬಸ್ಸು ಬಿಡುತ್ತಾರೆ, ಪಂಚಾಯತಿ ಆಳುತ್ತಾರೆ, ವಿಮಾನ ಹಾರಿಸುತ್ತಾರೆ. ಅದನ್ನೆಲ್ಲ ನಂಬುವ ಜನ, ಒಬ್ಬ ಹೆಂಗಸು ಇಸ್ಪೀಟು ಆಡುತ್ತಾಳೆ ಎಂದರೆ ಮಾತ್ರ ನಂಬುವುದಿಲ್ಲ. ಅವಳೇ ಎದುರು ನಿಂತು ಎದೆ ತಟ್ಟಿಕೊಂಡು ಹೇಳಿದರೂ ನಂಬುವುದಿಲ್ಲ. ನಾನು ಹೇಳಿ ನೋಡಿದ್ದೇನೆ. ಅದರ ಫಲವನ್ನು ಈಗಲೂ ಉಣ್ಣುತ್ತಿದ್ದೇನೆ.

ನನ್ನ ಹೆಸರು ಹರಿಣಾಕ್ಷಿ. ಕಟಪಾಡಿ ಪೇಟೆಯಿಂದ ಸ್ವಲ್ಪ ಒಳಗೆ, ಭಜನಾ ಮಂದಿರದ ಹಿಂದಿನ ಮನೆ ನಮ್ಮದು. ಯಜಮಾನರ ಹೆಸರು ಸರ್ವೋತ್ತಮ. ಹೆತ್ತವರು ಏನೋ ಆಸೆಯಿಂದ ಇಟ್ಟ ಹೆಸರಿರಬಹುದು. ಇವರು ಅದನ್ನು ಆಜ್ಞೆ ಎಂದು ತಿಳಿದು ಬದುಕುತ್ತಿದ್ದಾರೆ. ಬೀಡಿ ಇಲ್ಲ, ಬೀರಿಲ್ಲ, ಎಲೆ ಅಡಿಕೆ ಕೂಡ ಇಲ್ಲ. ಹಗಲು ಪೇಟೆಯಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ, ಸಂಜೆ ಭಜನಾ ಮಂಡಳಿಯ ಕಾರ್ಯದರ್ಶಿತನ. ಮಂದಿರದ ಪಕ್ಕದ ಗೇರುಮರದ ಅಡಿಯಲ್ಲಿ ಕೂರುತ್ತಿದ್ದ ಇಸ್ಪೀಟಿನ ಗುಂಪನ್ನು ಬರೀ ಭಾಷಣದಿಂದ ಎಬ್ಬಿಸಿದ ಕೀರ್ತಿಯೂ ಇವರದೇ. (ಅವರು ಭಾಷಣಕ್ಕೆ ಮನಸೋತು ಎದ್ದರೋ, ಭಾಷಣ ನಿಲ್ಲಲಿ ಎಂದು ಎದ್ದರೋ, ನಾನು ಕೇಳಲು ಹೋಗಿಲ್ಲ.)

ಇಂಥ ಪುಣ್ಯಾತ್ಮರ ಮನೆಗೆ ಇಸ್ಪೀಟು ತಂದುಕೊಟ್ಟವರು ಪಕ್ಕದ ಮನೆಯ ಜೆನಿಫರ್ ಬಾಯಿ. ಕುವೈಟಿನಲ್ಲಿ ನರ್ಸಾಗಿದ್ದವರು. ಕಾರ್ಕಳದ ತಂಗಿಯ ಮನೆಗೆ ವಾಸ ಬದಲಿಸುವಾಗ ಎರಡು ಕಟ್ಟು ಎಲೆಗಳನ್ನು ನನ್ನ ಕೈಯಲ್ಲಿಟ್ಟರು.

"ನಿನಗೆ ತಾಳ್ಮೆ ಕಡಿಮೆ ಹರಿಣಾಕ್ಷಿ. ಒಬ್ಬಳೇ ಕೂತು ಇದನ್ನು ಆಡು. ಇದಕ್ಕೆ ಪೇಶೆನ್ಸ್ ಅಂತ ಹೆಸರು."

"ಪೇಶೆಂಟುಗಳು ಆಡುವುದಾ ಬಾಯಿ?"

"ಮೊದಲು ಆಡು. ಮತ್ತೆ ಪೇಶೆಂಟ್ ಆಗುವುದು ಹೇಗೂ ಉಂಟು," ಎಂದು ನಕ್ಕರು. ನಾನು ಅದನ್ನು ತಮಾಷೆ ಎಂದುಕೊಂಡೆ.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. (ಗೊತ್ತಿದ್ದವರು ಸುಮ್ಮನಿರಿ, ನಿಮ್ಮ ಗುಟ್ಟು ನನ್ನಲ್ಲೇ ಇರುತ್ತದೆ.) ಎರಡು ಕಟ್ಟನ್ನೂ ಸೇರಿಸಿ ಚೆನ್ನಾಗಿ ಕಲಸಬೇಕು. ನೂರನಾಲ್ಕು ಎಲೆ, ಜೋಕರಿಗೆ ಪ್ರವೇಶವಿಲ್ಲ. ಹತ್ತು ಸಾಲು ಮಾಡಿ, ಮೊದಲ ನಾಲ್ಕು ಸಾಲಿಗೆ ಆರಾರು, ಉಳಿದವಕ್ಕೆ ಐದೈದು ಎಲೆ ಹಾಕಬೇಕು. ಪ್ರತಿ ಸಾಲಿನಲ್ಲೂ ಕೊನೆಯ ಎಲೆ ಮಾತ್ರ ಮುಖ ತೋರಿಸಬೇಕು, ಉಳಿದವು ಬೋರಲು. ಹತ್ತರ ಮೇಲೆ ಒಂಬತ್ತು, ಒಂಬತ್ತರ ಮೇಲೆ ಎಂಟು, ಹೀಗೆ ಇಳಿಸುತ್ತಾ ಹೋಗುವುದು. ಯಾವ ಜಾತಿಯ ಮೇಲೆ ಯಾವ ಜಾತಿಯನ್ನೂ ಇಡಬಹುದು. ಆದರೆ ಇಟ್ಟದ್ದನ್ನು ಸಾಲಾಗಿ ಎತ್ತಿ ಬೇರೆಡೆಗೆ ಒಯ್ಯಬೇಕಾದರೆ ಮಾತ್ರ ಎಲ್ಲವೂ ಒಂದೇ ಜಾತಿಯಾಗಿರಬೇಕು: ಆಟೀನಿನ ಜೊತೆ ಆಟೀನು, ಕಳಾವರದ ಜೊತೆ ಕಳಾವರ. (ಕೂತಲ್ಲಿ ಎಲ್ಲರೂ ಒಂದೇ, ಹೊರಡುವಾಗ ಅವರವರ ಕುಟುಂಬ. ನಮ್ಮ ಮದುವೆ ಹಾಲುಗಳಲ್ಲಿ ನೋಡುವುದೇ ಇದನ್ನು.) ರಾಜನಿಂದ ಎಕ್ಕದವರೆಗೆ ಒಂದೇ ಜಾತಿಯ ಸಾಲು ಕೂಡಿದರೆ ಅದಕ್ಕೆ ಮುಕ್ತಿ, ಎತ್ತಿ ಆಚೆ ಇಡಬಹುದು. ಇಂಥ ಎಂಟು ಸಾಲಿಗೆ ಮುಕ್ತಿ ಕೊಟ್ಟರೆ ಗೆದ್ದಂತೆ. ನಡುವೆ ದಾರಿ ಕಾಣದಿದ್ದರೆ ಉಳಿದ ಎಲೆಗಳಿಂದ ಪ್ರತಿ ಸಾಲಿಗೂ ಒಂದೊಂದು ಬಡಿಸಬೇಕು. ಆದರೆ ಪಂಕ್ತಿಯಲ್ಲಿ ಒಂದು ಜಾಗವೂ ಖಾಲಿ ಇರಕೂಡದು. ಖಾಲಿ ಇದ್ದರೆ ಮೊದಲು ಅಲ್ಲಿ ಯಾರನ್ನಾದರೂ ಕೂರಿಸಿ, ಆಮೇಲೆ ಬಡಿಸಬೇಕು.

ಕೇಳಲು ಸುಲಭ. ಆಡಲು ಕೂತರೆ, ಅನ್ನ ತಳ ಹಿಡಿದ ವಾಸನೆ ಮೂಗಿಗೆ ಬರುತ್ತದೆ, ತಲೆಗೆ ಹೋಗುವುದಿಲ್ಲ.

ಈ ಆಟಕ್ಕೆ ಮುಖ್ಯವಾಗಿ ಬೇಕಾದದ್ದು ಜಾಗ. ಹಾಸಿಗೆಯ ಮೇಲೆ ಎಲೆ ಜಾರುತ್ತದೆ. ಊಟದ ಮೇಜಿನಲ್ಲಿ ಎಂಟು ಸಾಲಿಗಿಂತ ಹೆಚ್ಚು ಹಿಡಿಯುವುದಿಲ್ಲ. ಚಾವಡಿಯಲ್ಲಿ ಹರಡಿದರೆ ಎದುರು ಮನೆಯ ಸುಗಂಧಿ ಅಕ್ಕ ಕಿಟಕಿಯಿಂದಲೇ "ಎಂತ ಮಾಡ್ತಾ ಇದ್ದಿ ಮಾರಾಯ್ತಿ?" ಎನ್ನುತ್ತಾಳೆ. ಅಷ್ಟರಲ್ಲಿ ಹಲಸಿನ ಹಪ್ಪಳದ ಕಾಲ ಬಂತು, ನನಗೆ ಟೆರೇಸು ಹೊಳೆಯಿತು. ದೊಡ್ಡ ಚಾಪೆ ಹಾಸಿ, ಬಿಸಿಲಿನ ಕಡೆ ಬಾಳೆಲೆಯ ಮೇಲೆ ಹಪ್ಪಳ, ನೀರಿನ ಟ್ಯಾಂಕಿಯ ನೆರಳಿನ ಕಡೆ ಇಸ್ಪೀಟು. ಕೈಯಲ್ಲಿ ಕಾಗೆ ಓಡಿಸುವ ಕೋಲು. ಕೆಳಗಿನಿಂದ ನೋಡಿದವರಿಗೆ ನಾನು ಗೃಹಕೃತ್ಯದ ಮೂರ್ತಿ.

ಇವರು ಅಂಗಡಿಯಿಂದ ಫೋನು ಮಾಡುತ್ತಿದ್ದರು. "ಎಂತ ಮಾಡ್ತಾ ಇದ್ದಿ?"

"ಎಲೆ ಹಾಕಿ ಕೂತಿದ್ದೇನೆ."

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅವರು ಹಪ್ಪಳದ ಬಾಳೆಲೆ ಎಂದು ತಿಳಿದುಕೊಂಡರೆ ಅದು ಕನ್ನಡ ಭಾಷೆಯ ದೋಷ. ಹಾಗೆಂದು ನಾನು ನನಗೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಆ ವರ್ಷ ನಮ್ಮ ಮನೆಯಲ್ಲಿ ಎಷ್ಟು ಹಪ್ಪಳವಾಯಿತೆಂದರೆ ಉಚ್ಚಿಲದಲ್ಲಿರುವ ನಾದಿನಿ ಇನ್ನು ಕಳಿಸಬೇಡಿ ಎಂದು ಕೈ ಮುಗಿದಳು.

ಒಂದು ಮಧ್ಯಾಹ್ನ ಆಟ ಅಪರೂಪಕ್ಕೆ ಕೈಗೂಡಿ ಬರುತ್ತಿತ್ತು. ಆ ದಿನದ ಹಪ್ಪಳಕ್ಕೆ ಗಾಂಧಾರಿ ಮೆಣಸು ಅರೆದು ಹಾಕಿದ್ದೆ. (ಗಾಂಧಾರಿ ಹಾಕುವುದು ಈ ದಾರಿಯಲ್ಲಿ ನಾನೊಬ್ಬಳೇ, ಅದು ನನ್ನ ಹಪ್ಪಳದ ಟ್ರೇಡ್‌ಮಾರ್ಕು.) ಹಿಟ್ಟಿನ ಕೈಯಲ್ಲೇ ಆಡಲು ಕೂತಿದ್ದೆ, ಎಲೆಗಳಿಗೂ ಹಿಟ್ಟು ಮೆತ್ತಿತ್ತು. ಒಂದು ಕಾಗೆ ಬಂತು. ಸಾಲಾಗಿ ಒಣಗುತ್ತಿದ್ದ ಹಪ್ಪಳಗಳನ್ನು ಬಿಟ್ಟು, ಕಳಾವರದ ಗುಲಾಮನನ್ನು ಕಚ್ಚಿಕೊಂಡು ಹಾರಿತು. ನಾನು ಕೋಲು ಎಸೆದೆ, ಚಪ್ಪಲಿ ಎಸೆದೆ. ಕಾಗೆ ರುಚಿ ನೋಡಿ ಕೆಟ್ಟದಾಗಿ ಕೂಗಿ, ಗುಲಾಮನನ್ನು ನೇರ ಭಜನಾ ಮಂದಿರದ ಅಂಗಳದಲ್ಲಿ ಬಿಟ್ಟು ಹೋಯಿತು.

ಸಂಜೆ ಇವರು ಅಂಗಡಿಯಿಂದ ಬಂದು ಚಾ ಕುಡಿಯುತ್ತಿರುವಾಗ ಮಂಡಳಿಯ ಅಧ್ಯಕ್ಷರಾದ ಅಣ್ಣು ಸಾಲಿಯಾನರು ಒಳಗೆ ಬಂದರು. ಜೊತೆಗೆ ಸಮಿತಿಯ ವಿಶಾಲ್. ಸಾಲಿಯಾನರ ಒಂದು ಕಣ್ಣು ಕೆಂಡದ ಹಾಗೆ ಕೆಂಪಾಗಿ ನೀರು ಸುರಿಸುತ್ತಿತ್ತು. ನಾಲ್ಕು ಜನ ಒಳಗೆ ಹೋದದ್ದು ಕಂಡರೆ ಸುಗಂಧಿ ಅಕ್ಕನ ಕಾಲು ನಿಲ್ಲುವುದಿಲ್ಲ. ಇಬ್ಬರು ಹೋದರೂ ನಿಲ್ಲುವುದಿಲ್ಲ ಎಂದು ಆ ದಿನ ತಿಳಿಯಿತು. ಅವಳೂ ಬಂದು ಬಾಗಿಲಿನಲ್ಲಿ ನಿಂತಳು.

"ಕಣ್ಣಿಗೆ ಎಂತ ಆಯ್ತು ಸಾಲಿಯಾನರೇ?" ಎಂದರು ಇವರು.

"ಇದನ್ನು ಮುಟ್ಟಿ ಕಣ್ಣು ಉಜ್ಜಿಕೊಂಡೆ ಸರ್ವೋತ್ತಮಣ್ಣ." ಅವರು ಕಿಸೆಯಿಂದ ಗುಲಾಮನನ್ನು ತೆಗೆದು ತೋರಿಸಿದರು. "ಮಂದಿರದ ಅಂಗಳದಲ್ಲಿ ಸಿಕ್ಕಿತು. ಹಲಸಿನ ಹಪ್ಪಳದ ವಾಸನೆ ಉಂಟು. ಗಾಂಧಾರಿ ಮೆಣಸೂ ಉಂಟು. ಗಾಂಧಾರಿ ಹಾಕುವ ಮನೆ ಯಾವುದು ಅಂತ ನಾನು ಹೇಳಬೇಕಾ?"

ಎಲ್ಲರೂ ಇವರ ಮುಖ ನೋಡಿದರು. ಗಮನಿಸಿ, ನನ್ನ ಮುಖವನ್ನಲ್ಲ. ಹಪ್ಪಳ ನನ್ನದು, ಮೆಣಸು ನನ್ನದು, ಬೆರಳು ನನ್ನದು. ಇಸ್ಪೀಟು ಮಾತ್ರ ಗಂಡನದು. ನಾನು ಆಗಲೇ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಸಾಲಿಯಾನರಿಗೆ ಇನ್ನೊಂದು ಲೋಟ ಚಾ ತರುವ ನೆಪ ಮಾಡಿ ಅಡುಗೆಮನೆಗೆ ನುಸುಳಿದೆ. ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

"ಊರಿನವರ ಇಸ್ಪೀಟು ಬಿಡಿಸಿ, ನೀವು ಮನೆಯೊಳಗೆ ಆಡುವುದಾ?" ವಿಶಾಲನ ಧ್ವನಿ ಕೇಳಿಸಿತು. "ಕಾರ್ಯದರ್ಶಿಯಾಗಿ ನೀವು ಹೇಗೆ ಮುಂದುವರಿಯುವುದು ಹೇಳಿ."

ಇವರ ಧ್ವನಿ ಏರಲೇ ಇಲ್ಲ. "ನನ್ನ ಮನೆಯಲ್ಲಿ ಇಸ್ಪೀಟಿನ ಒಂದು ಎಲೆಯೂ ಇಲ್ಲ. ನನ್ನ ಹೆಂಡತಿ ಮಧ್ಯಾಹ್ನವಿಡೀ ಎಲೆ ಹಾಕಿ ಕೂರುವವಳು, ಅವಳಿಗೆ ಗೊತ್ತಾಗದ ಹಾಗೆ ಇಲ್ಲಿ ಎಂತದೂ ನಡೆಯುವುದಿಲ್ಲ. ನಂಬಿಕೆ ಇಲ್ಲದಿದ್ದರೆ ಈಗಲೇ ಮಂದಿರಕ್ಕೆ ನಡೆಯಿರಿ. ದೀಪ ಮುಟ್ಟಿ ಪ್ರಮಾಣ ಮಾಡ್ತೇನೆ."

ಚಾದ ಲೋಟವನ್ನು ಒಲೆಯ ಪಕ್ಕದಲ್ಲೇ ಇಟ್ಟುಬಿಟ್ಟೆ. ನಮ್ಮ ಕಡೆ ಕೋರ್ಟಿನಲ್ಲಿ ಸುಳ್ಳು ಹೇಳಿದವರು ಮೊಮ್ಮಕ್ಕಳ ಮದುವೆ ನೋಡಿ ಸುಖವಾಗಿ ಬಾಳಿದ್ದುಂಟು. ದೀಪ ಮುಟ್ಟಿ ಸುಳ್ಳು ಹೇಳಿದವರ ಕಥೆಯನ್ನು ಮಾತ್ರ ಯಾರೂ ಒಳ್ಳೆಯದಾಗಿ ಮುಗಿಸುವುದಿಲ್ಲ. ಇವರೋ, ಸುಳ್ಳು ಎಂದು ಗೊತ್ತಿಲ್ಲದೆ, ನನ್ನ ಮೇಲಿನ ನಂಬಿಕೆಯಿಂದ ಸುಳ್ಳು ಪ್ರಮಾಣಕ್ಕೆ ಚಪ್ಪಲಿ ಹಾಕುತ್ತಿದ್ದರು.

ಹಪ್ಪಳದ ಡಬ್ಬಿಯ ಅಡಿಯಿಂದ ಎಲೆಗಳನ್ನು ತೆಗೆದು, ಓಡಿ ಬಂದು ಚಾವಡಿಯ ನಡುವೆ ಸುರಿದೆ.

"ಪ್ರಮಾಣ ಬೇಡ! ಆಡುವುದು ನಾನು. ಟೆರೇಸಿನಲ್ಲಿ ಒಬ್ಬಳೇ ಕೂತು ಆಡುವುದು. ಇವರಿಗೆ ಎಂತದೂ ಗೊತ್ತಿಲ್ಲ."

ಇವರು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಹಾಗೇ ನಿಂತರು. ಸಾಲಿಯಾನರು ಸರಿಯಿದ್ದ ಕಣ್ಣನ್ನೂ ಒರೆಸಿಕೊಂಡರು.

"ನೋಡಿದೆಯಾ ವಿಶಾಲ್? ಗಂಡನ ಮಾನಕ್ಕಾಗಿ ತನ್ನ ತಲೆ ಕೊಡುವುದು. ಇಂಥವರು ಈಗಲೂ ಇದ್ದಾರೆ."

"ಅಯ್ಯೋ ನಿಜವಾಗಿ ನಾನೇ!"

"ಹರಿಣಾಕ್ಷಿ ಅಕ್ಕ, ನಮಗೆ ಅರ್ಥ ಆಗ್ತದೆ," ಎಂದ ವಿಶಾಲ್, ಜ್ವರದವರಿಗೆ ಹೇಳುವ ಹಾಗೆ.

ನನಗೆ ಸಿಟ್ಟು ಬಂತು. ತಪ್ಪಾದರೂ ಅದು ನನ್ನ ತಪ್ಪು; ಅದನ್ನೂ ಗಂಡನ ಹೆಸರಿಗೆ ಬರೆಯುವುದೆಂದರೆ ಎಂತ? "ಕೂತುಕೊಳ್ಳಿ. ಆಡಿ ತೋರಿಸ್ತೇನೆ," ಎಂದು ನೆಲದ ಮೇಲೆ ಕೂತು, ಕಲಸಿ, ಹತ್ತು ಸಾಲು ಹಾಕಿದೆ. ನಿಮಗೆ ಹೇಳಿದ ನಿಯಮಗಳನ್ನೆಲ್ಲ ಅವರಿಗೂ ಹೇಳಿದೆ.

ಮೊದಲು ಸಮಿತಿ ಗಂಭೀರವಾಗಿ ಕುರ್ಚಿಯಲ್ಲಿತ್ತು. ಸ್ವಲ್ಪ ಹೊತ್ತಿಗೆ ಕುರ್ಚಿಯ ತುದಿಗೆ ಬಂತು. ಮತ್ತೆ ನೋಡಿದರೆ ನೆಲಕ್ಕೆ ಇಳಿದಿತ್ತು.

"ಆ ಏಳನ್ನು ಈಚೆಯ ಎಂಟರ ಮೇಲೆ ಹಾಕಿ ಅಕ್ಕ," ಎಂದರು ಸಾಲಿಯಾನರು.

"ಹಾಕಿದರೆ ಅಡಿಯ ಆಟೀನು ಸಿಕ್ಕಿಬೀಳ್ತದೆ ಅಲ್ವಾ?" ವಿಶಾಲ್ ತಡೆದ. "ಮೊದಲು ಆ ಸಾಲನ್ನು ಖಾಲಿ ಮಾಡಿ."

"ಖಾಲಿ ಮಾಡಿದರೆ ಬಡಿಸಲಿಕ್ಕೆ ಆಗುವುದಿಲ್ಲ ಮಾರಾಯ, ಈಗ ಹೇಳಿದ್ದು ಕೇಳಲಿಲ್ವಾ ನೀನು?"

"ನೀವಿಬ್ಬರೂ ಕೈ ತೆಗೆಯಿರಿ!" ಎಂದೆ ನಾನು. ಅಧ್ಯಕ್ಷರ ಕೈಗೆ ನಿಜವಾಗಿ ಒಂದು ಪೆಟ್ಟು ಕೊಟ್ಟೆ. ಅವರು ಬೇಸರಿಸಲಿಲ್ಲ, ಕೈ ತೆಗೆದರು.

ಕೊನೆಗೆ ಎಲ್ಲ ಕೂಡಿತು, ಕಳಾವರದ ಒಂದು ಸಾಲು ಮಾತ್ರ ರಾಣಿಯವರೆಗೆ ಬಂದು ನಿಂತಿತು. ಮುಂದೆ ಗುಲಾಮ ಬೇಕು. ಎಲ್ಲಿದ್ದಾನೆ? ಸಾಲಿಯಾನರು ಕಿಸೆಗೆ ಕೈ ಹಾಕಿ, ತಾವು ತಂದ ಸಾಕ್ಷ್ಯವನ್ನು ತಾವೇ ರಾಣಿಯ ಮೇಲೆ ಇಟ್ಟರು. ಹತ್ತು, ಒಂಬತ್ತು, ಎಂಟು, ಎಲ್ಲ ಇಳಿದು ಎಕ್ಕ ಬಂತು. ಎಂಟನೆಯ ಸಾಲಿಗೂ ಮುಕ್ತಿಯಾಯಿತು. ಅಷ್ಟು ದಿನ ಟೆರೇಸಿನಲ್ಲಿ ಕೂತು ಒಮ್ಮೆಯೂ ಗೆಲ್ಲದವಳು ಆ ದಿನ ಗೆದ್ದೆ. ಚಾವಡಿಯಲ್ಲಿ ಚಪ್ಪಾಳೆ ಬಿತ್ತು. ಸೆರಗು ಸರಿ ಮಾಡಿಕೊಂಡು, ಮೂಗು ಒಂದಿಷ್ಟು ಮೇಲೆತ್ತಿ ಕೇಳಿದೆ.

"ಈಗ ನಂಬಿಕೆ ಬಂತಾ?"

ಸಾಲಿಯಾನರು ದೊಡ್ಡ ಉಸಿರು ಬಿಟ್ಟರು. "ಬಂತಕ್ಕ. ಶಿಷ್ಯೆಯೇ ಹೀಗಿದ್ದರೆ, ಕಲಿಸಿದ ಗುರು ಹೇಗಿರಬೇಕು!" ಎಂದು ನನ್ನ ಯಜಮಾನರನ್ನು ಭಯಭಕ್ತಿಯಿಂದ ನೋಡಿದರು.

"ನನಗೆ ಎಕ್ಕ ಯಾವುದು, ಗುಲಾಮ ಯಾವುದು ಅಂತಲೂ ಗೊತ್ತಿಲ್ಲ," ಎಂದರು ಇವರು.

"ದೊಡ್ಡ ಆಟಗಾರರು ಹೇಳುವುದೇ ಹಾಗೆ," ಎಂದ ವಿಶಾಲ್.

ಸೋತಿದ್ದರೆ ಇವರ ಮಾನ ಉಳಿಯುತ್ತಿತ್ತೋ ಏನೋ. ಅಲ್ಲಲ್ಲಿ ತಡವರಿಸಿದ್ದರೂ ಸಾಕಿತ್ತು, ಒಬ್ಬಳೇ ಕಲಿತವಳು ಎಂದು ತೋರುತ್ತಿತ್ತು. ಆದರೆ ಸತ್ಯ ಹೇಳುತ್ತೇನೆ, ಎಲೆ ಕೈಗೆ ಬಂದ ಮೇಲೆ ನನಗೆ ಇವರ ಮಾನವೂ ನೆನಪಿರಲಿಲ್ಲ, ಇವರೂ ನೆನಪಿರಲಿಲ್ಲ.

"ಯಾರೂ ಕಲಿಸಲಿಲ್ಲ. ನಾನೊಬ್ಬಳೇ ಬಿಸಿಲಲ್ಲಿ ಕೂತು..." ಎಂದು ನಾನು ಮತ್ತೆ ಶುರು ಮಾಡಿದೆ.

ಆಗ ಬಾಗಿಲಿನಿಂದ ಸುಗಂಧಿ ಅಕ್ಕ ಬಾಯಿ ಹಾಕಿದಳು. "ಒಬ್ಬಳೇ ಕೂತು, ಮಧ್ಯಾಹ್ನದ ಬಿಸಿಲಲ್ಲಿ, ಯಾರೂ ಎದುರಿಲ್ಲದೆ ಇಸ್ಪೀಟು ಆಡುವುದಾ? ಅದು ನಿಜ ಆಗಿದ್ದರೆ ಇವಳನ್ನು ಮಣಿಪಾಲಕ್ಕೆ ಕರಕೊಂಡು ಹೋಗಬೇಕು ಸರ್ವೋತ್ತಮಣ್ಣ. ತಲೆಗೆ ಎಂತದೋ ಆಗಿದೆ."

ಎಲ್ಲರೂ ಮೊದಲ ಬಾರಿಗೆ ನನ್ನ ಮುಖ ನೋಡಿದರು. ನಾಳೆ ಬೆಳಿಗ್ಗೆಯ ಒಳಗೆ ಈ ಮಾತು ಕಾಪುವಿನ ಮಾರ್ಕೆಟ್ಟಿನವರೆಗೆ ಹೋಗುತ್ತದೆ ಎಂದು ನನಗೂ ಗೊತ್ತು, ಇವರಿಗೂ ಗೊತ್ತು. ಇವರು ಕಾಲಲ್ಲಿದ್ದ ಒಂದು ಚಪ್ಪಲಿಯನ್ನು ಮೆಲ್ಲ ಕಳಚಿಟ್ಟರು.

"ಹೌದು ಸಾಲಿಯಾನರೇ. ನಾನೇ ಕಲಿಸಿದ್ದು," ಎಂದರು. ಜೀವಮಾನದಲ್ಲಿ ಇವರು ಹೇಳಿದ ಮೊದಲ ಸುಳ್ಳು ಅದು. ಅಭ್ಯಾಸವಿಲ್ಲದ್ದರಿಂದ ಧ್ವನಿ ಸ್ವಲ್ಪ ನಡುಗಿತು. ಅದನ್ನು ಅವರೆಲ್ಲ ಪಶ್ಚಾತ್ತಾಪ ಎಂದು ತಿಳಿದರು.

ಪಶ್ಚಾತ್ತಾಪಕ್ಕೆ ನಮ್ಮ ಊರಿನಲ್ಲಿ ಒಳ್ಳೆಯ ಬೆಲೆ ಉಂಟು. ಸಮಿತಿ ಅಲ್ಲೇ ನಿಂತು ತೀರ್ಮಾನ ಮಾಡಿತು. ಕಾರ್ಯದರ್ಶಿಗಳು ಮುಂದುವರಿಯಲಿ, ಆದರೆ ಬರುವ ಭಾನುವಾರ ಮಂದಿರದಲ್ಲಿ ನಡೆಯುವ ದುಶ್ಚಟ ನಿವಾರಣಾ ಸಭೆಯಲ್ಲಿ, ತಾವು ಇಸ್ಪೀಟಿಗೆ ಬಿದ್ದದ್ದು ಹೇಗೆ, ಎದ್ದದ್ದು ಹೇಗೆ ಎಂದು ಎಲ್ಲರ ಎದುರು ಹೇಳಬೇಕು. ಹೊರಡುವಾಗ ವಿಶಾಲ್ ನನ್ನ ಹತ್ತಿರ ಬಂದು ಪಿಸುಗುಟ್ಟಿದ, "ಆ ಹತ್ತು ಸಾಲಿನ ಲೆಕ್ಕ ಇನ್ನೊಮ್ಮೆ ಹೇಳ್ತೀರಾ ಅಕ್ಕ?"

ಎಲ್ಲರೂ ಹೋದ ಮೇಲೆ ಇವರು ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ನಾನೂ ನಾಲ್ಕು ಮಾತು ತಿರುಗಿಸಿ ಹಗುರಾಗುತ್ತಿದ್ದೆ. ಇವರು ನೆಲದಲ್ಲಿದ್ದ ಎಲೆಗಳನ್ನು ಒಂದೊಂದಾಗಿ ಹೆಕ್ಕಿ, ನೆಟ್ಟಗೆ ಜೋಡಿಸಿ ನನ್ನ ಕೈಗೆ ಕೊಟ್ಟರು.

"ಭಾಷಣ ನೀನೇ ಬರೆದು ಕೊಡು. ನನಗೆ ಆ ವಿಷಯ ಗೊತ್ತಿಲ್ಲ," ಎಂದರು ಅಷ್ಟೆ.

ಬರೆದೆ. ಕಾಲ್ಪನಿಕ ಜೂಜುಕೋರನೊಬ್ಬನ ಬಗ್ಗೆ ಬರೆಯಲು ಕೂತದ್ದು. ಜೂಜುಕೋರರ ಬಗ್ಗೆ ನನಗೇನು ಗೊತ್ತು? ಗೊತ್ತಿದ್ದದ್ದನ್ನೇ ಬರೆಯುತ್ತಾ ಹೋದೆ. ಪೆನ್ನು ನಿಲ್ಲಲಿಲ್ಲ. ಬರೆದದ್ದನ್ನು ಓದಿ ನೋಡುವ ಧೈರ್ಯ ಬರಲಿಲ್ಲ, ಮಡಚಿ ಕೊಟ್ಟೆ.

ಭಾನುವಾರ ಮಂದಿರ ತುಂಬಿತ್ತು. ಬೆಳ್ಮಣ್ಣಿನಿಂದ ನನ್ನ ಅಕ್ಕ, ಭಾವ ಕೂಡ ಬಂದಿದ್ದರು, ಕರೆಯದೆಯೇ. ಹೆಂಗಸರ ಸಾಲಿನಲ್ಲಿ ಸುಗಂಧಿ ಅಕ್ಕ ನನ್ನ ಕೈ ಹಿಡಿದು ಕೂತಿದ್ದಳು. ಇವರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಮೈಕಿನ ಮುಂದೆ ನಿಂತು ಓದಲು ಶುರು ಮಾಡಿದರು.

"ನಾನು ಯಾರಿಗೂ ತಿಳಿಯದ ಹಾಗೆ ಆಡುತ್ತಿದ್ದೆ. ಕೇಳಿದವರಿಗೆ ಎರಡು ಅರ್ಥ ಬರುವ ಹಾಗೆ ಉತ್ತರ ಕೊಡುತ್ತಿದ್ದೆ. ಸುಳ್ಳು ಹೇಳಲಿಲ್ಲವಲ್ಲ ಎಂದು ಒಳಗೊಳಗೇ ಹೆಮ್ಮೆಪಡುತ್ತಿದ್ದೆ."

ಸಭೆ "ಛೇ" ಎಂದಿತು. ನಾನು ಸೀರೆಯ ಅಂಚು ನೋಡತೊಡಗಿದೆ.

"ಒಂದು ದಿನ ನಮ್ಮ ಮನೆಯವರು ತಲೆನೋವೆಂದು ಮಧ್ಯಾಹ್ನವೇ ಬಂದು ಮಲಗಿದ್ದರು. ಒಂದು ಲೋಟ ಬಿಸಿನೀರು ಕೊಡು ಎಂದು ಕೂಗಿದರು. ಬಂದೆ ಎಂದೆ. ಒಂದೇ ಒಂದು ಸಾಲು ಉಳಿದಿತ್ತು. ಆಮೇಲೆ ಇನ್ನೊಂದು. ಹೋಗಿ ನೋಡಿದರೆ ಅವರೇ ಎದ್ದು ನೀರು ಕಾಯಿಸಿಕೊಂಡು ಕುಡಿದು, ನನಗೂ ಒಂದು ಲೋಟ ಮುಚ್ಚಿಟ್ಟಿದ್ದರು. ನಾನು ಬಿಸಿಲಿನಲ್ಲಿ ದುಡಿದು ಬರುತ್ತೇನೆಂದು."

ಇಲ್ಲಿ ಇವರು ನಿಂತರು. ಕಾಗದದ ಮೇಲಿದ್ದ ಕಣ್ಣು ಎತ್ತಿ ಹೆಂಗಸರ ಸಾಲಿನ ಕಡೆ ನೋಡಿದರು. ಆ ತಲೆನೋವು ಇವರದು, ಆ ಬಿಸಿನೀರು ಇವರದು. ಆ ದಿನ ನಾನು ಟೆರೇಸಿನಲ್ಲಿ ಏನು ಮಾಡುತ್ತಿದ್ದೆ ಎಂದು ಇವರಿಗೆ ತಿಳಿದದ್ದು ಆ ಕ್ಷಣದಲ್ಲಿ, ಮೈಕಿನ ಮುಂದೆ, ಊರಿನವರ ಎದುರು. ಮತ್ತೆ ಕಾಗದಕ್ಕೆ ಕಣ್ಣಿಳಿಸಿ, "ಇದಕ್ಕಾಗಿ ನಾನು ನನ್ನ ಮನೆಯವರ ಕ್ಷಮೆ ಕೇಳುತ್ತೇನೆ," ಎಂದು ಕೊನೆಯ ಸಾಲನ್ನೂ ಓದಿದರು. ನಾನು ಇವರಲ್ಲಿ ಕೇಳಬೇಕಾಗಿದ್ದ ಕ್ಷಮೆಯನ್ನು ಇವರು ನನ್ನಲ್ಲೇ ಕೇಳಿದರು.

ನಾನು ಅತ್ತೆ. ನಾಟಕದ ಅಳುವಲ್ಲ, ಮೂಗು ಸೋರುವ ಅಳು. ಸುಗಂಧಿ ಅಕ್ಕ ನನ್ನ ತಲೆಯನ್ನು ತನ್ನ ಭುಜಕ್ಕೆ ಒತ್ತಿಕೊಂಡು, ಸುತ್ತಲಿನವರಿಗೆ ಕೇಳಿಸುವ ಹಾಗೆ ಹೇಳಿದಳು, "ಎಷ್ಟು ಸಹಿಸಿದೆ ಮಾರಾಯ್ತಿ ನೀನು! ತಲೆನೋವಿಗೆ ಒಂದು ಲೋಟ ನೀರು ಕೊಡದ ಗಂಡಸು!"

ಅಷ್ಟಕ್ಕೇ ಮುಗಿಯಲಿಲ್ಲ. ಅಣ್ಣು ಸಾಲಿಯಾನರು ಮೈಕು ಹಿಡಿದು, ಗಂಡನನ್ನು ದುಶ್ಚಟದಿಂದ ಬಿಡಿಸಿದ ಆದರ್ಶ ಗೃಹಿಣಿಗೆ ಮಂಡಳಿಯ ವತಿಯಿಂದ ಸನ್ಮಾನ ಎಂದು ಘೋಷಿಸಿದರು. ನಾನು ಬೇಡವೆಂದು ಕೈ ಆಡಿಸಿದಷ್ಟೂ ಚಪ್ಪಾಳೆ ಜೋರಾಯಿತು. ಇಬ್ಬರು ಹೆಂಗಸರು ರಟ್ಟೆ ಹಿಡಿದು ವೇದಿಕೆಗೆ ಎಳೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದರು. ಶಾಲು ಹೊದಿಸುವ ಕೆಲಸವನ್ನು, ಪ್ರಾಯಶ್ಚಿತ್ತದ ರೂಪದಲ್ಲಿ, ಇವರಿಗೇ ಒಪ್ಪಿಸಿದರು.

ಇವರು ಶಾಲನ್ನು ಬಿಡಿಸಿ, ಎರಡೂ ಹೆಗಲು ಸರಿಯಾಗಿ ಮುಚ್ಚುವ ಹಾಗೆ ಹೊದಿಸಿ, ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಹೇಳಿದರು, "ತಲೆ ಎತ್ತು ಹರಿಣಾಕ್ಷಿ. ಫೋಟೋ ತೆಗೀತಾ ಇದ್ದಾರೆ."

ನನ್ನಿಂದ ಆಗಲಿಲ್ಲ. ಆ ಫೋಟೋವನ್ನು ದೊಡ್ಡದು ಮಾಡಿಸಿ ಮಂದಿರದ ಬಾಗಿಲಿನ ಪಕ್ಕದಲ್ಲೇ ತೂಗುಹಾಕಿದ್ದಾರೆ. ಅದರಲ್ಲಿ ನನ್ನ ಬೈತಲೆ ಮಾತ್ರ ಕಾಣುತ್ತದೆ, ಮುಖ ಕಾಣುವುದಿಲ್ಲ. ಒಳಗೆ ಹೋಗುವವರೆಲ್ಲ ಒಂದು ಕ್ಷಣ ನಿಂತು, "ಎಂಥ ವಿನಯ ನೋಡಿ!" ಎನ್ನುತ್ತಾರೆ.